ನಿಮಗಿದು ಗೊತ್ತೇ? ಗೋಲು ಬಿದ್ದರೆ ಗೊಂಬೆಗಳ ಮಳೆ!

ಇನ್ನೂ ಮೀಸೆ ಚಿಗುರುವ ವಯಸ್ಸು. ಆಡಬೇಕಾದದ್ದು ಮಾತ್ರ ಋತುವಿಗೆ 68 ಪಂದ್ಯ! ಕೆನಡಾದ ವೆಸ್ಟರ್ನ್ ಹಾಕಿ ಲೀಗ್‌ನಲ್ಲಿ 16ರಿಂದ 20 ವರ್ಷದ ಹುಡುಗರು ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗೆ ಐಸ್ ಮೇಲೆ ಓಡಾಡುವ ಲೆಕ್ಕ ಇದು. ಪ್ಲೇ-ಆಫ್ ಬೇರೆ. ಚಿಕ್ಕವರು ಶಾಲೆಗೂ ಹೋಗಬೇಕು. ಹೋಂವರ್ಕ್ ಯಾವಾಗ ಅಂತೀರಾ? ಬಸ್ಸಿದೆಯಲ್ಲ!

ಇಂಥ ದೊಡ್ಡ ಜೂನಿಯರ್ ಐಸ್ ಹಾಕಿ ಲೀಗ್‌ಗಳು ಅಲ್ಲಿ ಮೂರು: ವೆಸ್ಟರ್ನ್, ಒಂಟಾರಿಯೊ, ಕ್ವಿಬೆಕ್-ಮ್ಯಾರಿಟೈಮ್ಸ್. ಕೆನಡಾದ ಲೀಗ್ ಅಂದಮೇಲೆ ತಂಡಗಳೆಲ್ಲ ಕೆನಡಾದವೇ ಅಂದುಕೊಂಡಿರಾ? ಅಲ್ಲವೇ ಅಲ್ಲ! ಸಿಯಾಟಲ್, ಪೋರ್ಟ್‌ಲೆಂಡ್, ಸ್ಪೋಕೇನ್ ತಂಡಗಳು ಅಮೆರಿಕದವು. ಮೂರೂ ಲೀಗ್‌ಗಳ ನಡುವಿನ ಕೊನೆಯ ಹಣಾಹಣಿ ಮೆಮೋರಿಯಲ್ ಕಪ್. 2024ರಲ್ಲಿ ಅದನ್ನು ಗೆದ್ದ ಸ್ಯಾಗಿನಾ ಸ್ಪಿರಿಟ್ ಕೂಡ ಅಮೆರಿಕದ್ದೇ!

ಮನೆಯಿಂದ ದೂರದ ಊರಿಗೆ ಆಡಲು ಬಂದ ಹುಡುಗ ಎಲ್ಲಿ ಉಳಿಯುತ್ತಾನೆ? ಹಾಸ್ಟೆಲ್‌ನಲ್ಲಲ್ಲ, ಅಪರಿಚಿತರ ಮನೆಯಲ್ಲಿ! ಆ ಊರಿನ ಯಾವುದೋ ಕುಟುಂಬ ಅವನಿಗೊಂದು ಕೋಣೆ ಬಿಟ್ಟುಕೊಡುತ್ತದೆ, ಬೆಳಗ್ಗೆ ತಿಂಡಿ ಕೊಡುತ್ತದೆ. ಹೊರ ಊರಿನ ಪಂದ್ಯ ಮುಗಿಸಿ ಅಪರಾತ್ರಿ ಬಂದರೆ ಮುಚ್ಚಿಟ್ಟ ಊಟವೂ ಸಿಕ್ಕೀತು. ಇವರನ್ನು ಅಲ್ಲಿ ‘ಬಿಲೆಟ್’ ಕುಟುಂಬ ಅನ್ನುತ್ತಾರೆ. ಆ ಮನೆಯೊಡತಿ ಹುಡುಗನಿಗೆ ‘ಬಿಲೆಟ್ ಮಾಮ್’. ಹದಿನೇಳರ ಹಾಕಿ ಹುಡುಗನ ಹೊಟ್ಟೆ ತುಂಬಿಸುವುದು ಅಂದರೆ ಸುಮ್ಮನೆ ಮಾತಲ್ಲ, ಆ ತಾಯಂದಿರಿಗೂ ಒಂದು ಕಪ್ ಕೊಡಬೇಕು!

ವೆಸ್ಟರ್ನ್ ಲೀಗ್‌ನಲ್ಲಿ ಇನ್ನೊಂದು ಮಜಾ ಇದೆ. ಒಂದು ಋತು ಆಡಿದರೆ ಒಂದು ವರ್ಷದ ಕಾಲೇಜು ಓದಿಗೆ ವಿದ್ಯಾರ್ಥಿವೇತನ. ನಾಲ್ಕು ಋತು ಆಡಿದವನಿಗೆ ನಾಲ್ಕು ವರ್ಷ!

ವಿಕ್ಟೋರಿಯಾ ರಾಯಲ್ಸ್ ತಂಡದ ಪಾಡು ಕೇಳಿ. ಅವರ ಊರು ಇರುವುದು ವ್ಯಾಂಕೂವರ್ ದ್ವೀಪದಲ್ಲಿ. ಲೀಗ್‌ನ ಉಳಿದ ತಂಡಗಳೆಲ್ಲ ಆಚೆ ದಡದಲ್ಲಿ. ಹೊರಗೆ ಆಡಬೇಕಾದರೆ ಮೊದಲು ಸಮುದ್ರ ದಾಟಬೇಕು. ಬಸ್ಸಿನ ಸಮೇತ ಹಡಗು ಹತ್ತಬೇಕು!

ಈಗ ಗೊಂಬೆ ಮಳೆಯ ವಿಷಯ. ಡಿಸೆಂಬರ್ ಬಂತೆಂದರೆ ಪ್ರೇಕ್ಷಕರು ಟೆಡ್ಡಿ ಬೇರ್ ಹಿಡಿದುಕೊಂಡು ಪಂದ್ಯಕ್ಕೆ ಬರುತ್ತಾರೆ. ತಮ್ಮ ತಂಡ ಮೊದಲ ಗೋಲು ಹೊಡೆಯುವವರೆಗೆ ಎಲ್ಲರೂ ಗೊಂಬೆಯನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಾರೆ. ಪಕ್ (ಆಟದ ಬಿಲ್ಲೆ) ಬಲೆಗೆ ಬಿತ್ತೋ, ಸಾವಿರಾರು ಗೊಂಬೆಗಳು ಒಟ್ಟಿಗೇ ಗಾಳಿಯಲ್ಲಿ! ಐಸ್ ತುಂಬ ಕಂದು, ಬಿಳಿ, ಗುಲಾಬಿ ಕರಡಿಗಳು. ಗೊಂಬೆ ಒದ್ದೆಯಾಗದಿರಲಿ ಅಂತ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎಸೆಯುವ ಜಾಣರೂ ಇದ್ದಾರೆ. ಪಂದ್ಯ ನಿಲ್ಲುತ್ತದೆ. ಗೊಂಬೆ ಬಾಚಲು ಆಟಗಾರರೂ ಕೈಜೋಡಿಸುತ್ತಾರೆ. ಎಲ್ಲವೂ ಆಸ್ಪತ್ರೆಯ ಮಕ್ಕಳಿಗೆ, ಬಡ ಮಕ್ಕಳಿಗೆ ಕ್ರಿಸ್‌ಮಸ್ ಉಡುಗೊರೆ!

ಇದನ್ನು ಶುರುಮಾಡಿದ್ದು ಕ್ಯಾಮ್‌ಲೂಪ್ಸ್ ಬ್ಲೇಜರ್ಸ್ ಎಂಬ ಜೂನಿಯರ್ ತಂಡ, 1993ರ ಡಿಸೆಂಬರ್‌ನಲ್ಲಿ. 2015ರಲ್ಲಿ ಕ್ಯಾಲ್ಗರಿ ಹಿಟ್‌ಮೆನ್ ತಂಡದ ಒಂದೇ ಪಂದ್ಯದಲ್ಲಿ ಬಿದ್ದ ಗೊಂಬೆಗಳೆಷ್ಟು ಗೊತ್ತೇ? 28,815! ಆ ದಾಖಲೆಯೂ ಆಮೇಲೆ ಮುರಿಯಿತು ಅಂದರೆ ನಂಬುತ್ತೀರಾ?

ಅಂದಹಾಗೆ, ‘ಹಿಟ್‌ಮೆನ್’ ಹೆಸರು ಎಲ್ಲೋ ಕೇಳಿದ ಹಾಗಿದೆಯಾ? ಶಾಲೆಯಲ್ಲಿ ಮೇಷ್ಟ್ರ ಕಣ್ಣು ತಪ್ಪಿಸಿ ಡಬ್ಲ್ಯುಡಬ್ಲ್ಯುಎಫ್ ಟ್ರಂಪ್ ಕಾರ್ಡ್ ಆಡಿದವರಿಗೆ ತಕ್ಷಣ ಹೊಳೆದಿರುತ್ತದೆ. ಹೌದು, ಕುಸ್ತಿಪಟು ಬ್ರೆಟ್ ‘ಹಿಟ್‌ಮ್ಯಾನ್’ ಹಾರ್ಟ್ ಈ ತಂಡದ ಸ್ಥಾಪಕರಲ್ಲೊಬ್ಬ!

ಐಸ್ ಹಾಕಿಯ ದೊರೆ ವೇಯ್ನ್ ಗ್ರೆಟ್ಸ್ಕಿಯ 99ನೇ ನಂಬರ್ ಹುಟ್ಟಿದ್ದೂ ಜೂನಿಯರ್ ಲೀಗ್‌ನಲ್ಲೇ. ಅವನಿಗೆ ಬೇಕಿದ್ದದ್ದು ತನ್ನ ಆರಾಧ್ಯದೈವ ಗೋರ್ಡಿ ಹೋವ್‌ನ 9. ಆದರೆ ಸೂ ಸೇಂಟ್ ಮರಿ ಗ್ರೇಹೌಂಡ್ಸ್ ತಂಡದಲ್ಲಿ ಅದು ಆಗಲೇ ಹಿರಿಯನೊಬ್ಬನ ಬೆನ್ನ ಮೇಲಿತ್ತು. ಒಂದು 9 ಇಲ್ಲದಿದ್ದರೆ ಎರಡು ಹಾಕಿಕೊ ಅಂದರು! ಆ 1977-78ರ ಋತುವಿನಲ್ಲಿ ಅವನು ಗಳಿಸಿದ್ದು 182 ಪಾಯಿಂಟ್ (ಗೋಲು ಹೊಡೆದರೆ ಒಂದು, ಗೋಲಿಗೆ ನೆರವಾದರೆ ಒಂದು). ಲೀಗ್‌ಗೆ ಮೊದಲಿಗನಾದನಾ? ಇಲ್ಲ! 192 ಗಳಿಸಿದ ಬಾಬಿ ಸ್ಮಿತ್ ಮೇಲಿದ್ದ. ಗ್ರೆಟ್ಸ್ಕಿಯನ್ನೇ ಹಿಂದಿಕ್ಕಿದ ಆ ಹುಡುಗನ ಹೆಸರು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ, ಹೇಳಿ!

ಆರು ವರ್ಷ ಬಿಟ್ಟು ಕ್ವಿಬೆಕ್‌ನಲ್ಲಿ ಮಾರಿಯೊ ಲೆಮ್ಯೂ ಮಿಂಚಿದ. 1983-84ರಲ್ಲಿ 70 ಪಂದ್ಯ, 133 ಗೋಲು, ಒಟ್ಟು 282 ಪಾಯಿಂಟ್. ಪಂದ್ಯಕ್ಕೆ ನಾಲ್ಕು ಪಾಯಿಂಟ್! ಇದು ಮುದ್ರಣದೋಷ ಅಲ್ಲ.

ಹುಡುಗರ ಲೀಗ್‌ನಲ್ಲಿ ಹುಡುಗಿ ಆಡಿದ್ದುಂಟೇ? ಉಂಟು! 1991ರಲ್ಲಿ ಗೋಲ್‌ಕೀಪರ್ ಮಾನೊನ್ ರೇಯೋಮ್ ಟ್ರ್ವಾ-ರಿವಿಯೇರ್ ತಂಡದ ಪರ ಐಸ್‌ಗೆ ಇಳಿದಳು. ಮರುವರ್ಷವೇ ಎನ್‌ಎಚ್‌ಎಲ್ (ದೊಡ್ಡವರ ವೃತ್ತಿಪರ ಲೀಗ್) ತಂಡವೊಂದರ ಪ್ರದರ್ಶನ ಪಂದ್ಯದಲ್ಲೂ ಗೋಲು ಕಾದಳು!

ಸ್ವಿಫ್ಟ್ ಕರೆಂಟ್ ಬ್ರಾಂಕೋಸ್ ತಂಡದ ಬಟ್ಟೆಯ ಮೇಲೆ ನಾಲ್ಕೆಸಳಿನ ಒಂದು ಎಲೆಯ ಗುರುತು ಕಂಡರೆ ಗಮನಿಸಿ. 1986ರ ಡಿಸೆಂಬರ್ 30ರಂದು ಈ ತಂಡದ ಬಸ್ ಉರುಳಿ ನಾಲ್ವರು ಆಟಗಾರರು ತೀರಿಕೊಂಡರು. ಎಸಳಿಗೊಬ್ಬರಂತೆ ಆ ನಾಲ್ವರ ನೆನಪು ಅದು. ಮೂರನೆಯ ವರ್ಷಕ್ಕೆ, 1989ರಲ್ಲಿ, ಅದೇ ತಂಡ ಮೆಮೋರಿಯಲ್ ಕಪ್ ಎತ್ತಿತು.

ನಮ್ಮವರು ಯಾರೂ ಇಲ್ಲವೇ ಅಂತ ಕೇಳುತ್ತೀರಿ, ಗೊತ್ತು. ಇದ್ದಾರೆ! 2021-22ರಲ್ಲಿ ಇಡೀ ವೆಸ್ಟರ್ನ್ ಲೀಗ್‌ನಲ್ಲಿ ಅತಿ ಹೆಚ್ಚು ಪಾಯಿಂಟ್ ಗಳಿಸಿದವನ ಹೆಸರು ಅರ್ಷ್‌ದೀಪ್ ಬೈನ್ಸ್. ಕೆನಡಾದ ಪಂಜಾಬಿ ಹುಡುಗ, ರೆಡ್ ಡೀರ್ ರೆಬೆಲ್ಸ್ ಆಟಗಾರ. 112 ಪಾಯಿಂಟ್! ಯಾವ ಎನ್‌ಎಚ್‌ಎಲ್ ತಂಡವೂ ಡ್ರಾಫ್ಟ್‌ನಲ್ಲಿ ಅವನನ್ನು ಆರಿಸಿರಲಿಲ್ಲ. ಆಮೇಲೆ ವ್ಯಾಂಕೂವರ್ ತಂಡ ತಾನಾಗಿಯೇ ಕರೆದುಕೊಂಡಿತು!

60 ನಿಮಿಷದ ಪಂದ್ಯ 151 ನಿಮಿಷ 36 ಸೆಕೆಂಡ್ ನಡೆದರೆ? ನಡೆದಿದೆ! 2017ರ ಪ್ಲೇ-ಆಫ್‌ನಲ್ಲಿ ಎವರೆಟ್ ಮತ್ತು ವಿಕ್ಟೋರಿಯಾ ತಂಡಗಳು ಐದು ಹೆಚ್ಚುವರಿ ಅವಧಿ ಆಡಿದವು. ಗೆದ್ದದ್ದು ಎವರೆಟ್. ಅಷ್ಟು ಬೆವರಿಳಿಸಿ ಬಂದ ಸ್ಕೋರ್ ಎಷ್ಟು? ಬರೀ 3-2!

ಅದೇ 2017ರಲ್ಲಿ ಇನ್ನೊಂದು ತಮಾಷೆ. ಒಂಟಾರಿಯೊ ಪ್ಲೇ-ಆಫ್‌ನ ಮೊದಲ ಸುತ್ತಿನಲ್ಲೇ ವಿಂಡ್ಸರ್ ಸ್ಪಿಟ್‌ಫೈರ್ಸ್ ಮನೆಗೆ ಹೋಯಿತು. ಆದರೆ ಆ ಸಲದ ಮೆಮೋರಿಯಲ್ ಕಪ್ ನಡೆಯುವುದಿತ್ತು ಅವರ ಊರಿನಲ್ಲೇ, ಆತಿಥೇಯರಿಗೆ ನೇರ ಪ್ರವೇಶ! 44 ದಿನ ಒಂದೂ ಪಂದ್ಯವಿಲ್ಲದೆ ಅಭ್ಯಾಸ ಮಾಡಿಕೊಂಡಿದ್ದ ಹುಡುಗರು ಬಂದು ಒಂದೂ ಸೋಲದೆ ಕಪ್ ಹೊಡೆದುಕೊಂಡರು. ಅವರ ಲೀಗ್ ಗೆದ್ದು ಬಂದಿದ್ದ ಈರೀ ಆಟರ್ಸ್ ಫೈನಲ್‌ನಲ್ಲಿ ಅವರಿಗೇ ಸೋತಿತು. ಈರೀ ಹುಡುಗರ ಹೊಟ್ಟೆಯುರಿ ಊಹಿಸಿಕೊಳ್ಳಿ!

2008ರಲ್ಲಿ ಮೆಮೋರಿಯಲ್ ಕಪ್ ಗೆದ್ದದ್ದು ಸ್ಪೋಕೇನ್ ಚೀಫ್ಸ್. ನಾಯಕ ಕಪ್ ಎತ್ತಿ ಕುಣಿದ, ಪಕ್ಕದವನ ಕೈಗೆ ದಾಟಿಸಿದ. ಕಪ್ ಎರಡಾಗಿ ಕೆಳಗೆ ಬಿತ್ತು! ಕ್ರೀಡಾಂಗಣದಲ್ಲಿ ಎಲ್ಲರ ಬಾಯಿ ತೆರೆದದ್ದು ತೆರೆದಂತೇ. ಆಮೇಲೆ ತಿಳಿಯಿತು, ಮುರಿದದ್ದು ಅಸಲಿಯಲ್ಲ, ನಕಲು ಕಪ್!