ಭೌತವಿಜ್ಞಾನಕ್ಕೆ ಆತುರ, ಗಣಿತಕ್ಕೆ ನಿಧಾನ: ನಡುವೆ ಸಿಕ್ಕ ಮನೆಪಾಠ

ಕಡಕೊಳ (ಮೈಸೂರು): ಮೈಸೂರು–ನಂಜನಗೂಡು ಹೆದ್ದಾರಿ ಮತ್ತು ರೈಲುಮಾರ್ಗ ಎರಡೂ ಹಾದುಹೋಗುವ ಊರು ಕಡಕೊಳ. ಚಲನೆಯ ಲೆಕ್ಕಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಾದ ಅಗತ್ಯ ಇಲ್ಲಿನವರಿಗಿಲ್ಲ. ಆದರೂ ಪ್ರಥಮ ಪಿಯು ವಿಜ್ಞಾನ ವಿಭಾಗಕ್ಕೆ ಸೇರಿದ ಮಕ್ಕಳು ಮೊದಲು ಎಡವುವುದು ಬಹುಪಾಲು ಇದೇ ಅಧ್ಯಾಯದಲ್ಲಿ.

ಇದಕ್ಕೆ ಮಕ್ಕಳ ದಡ್ಡತನ ಕಾರಣವಲ್ಲ. ಪಠ್ಯಗಳ ಅನುಕ್ರಮವೇ ಕಾರಣ. ರಾಜ್ಯದ ಪಿಯು ತರಗತಿಗಳಲ್ಲಿ ಜಾರಿಯಲ್ಲಿರುವ ಎನ್‌ಸಿಇಆರ್‌ಟಿ ಭೌತವಿಜ್ಞಾನ ಪಠ್ಯವು ಸರಳರೇಖೆಯಲ್ಲಿನ ಚಲನೆಯನ್ನು ವಿವರಿಸುವಾಗಲೇ, ಅಂದರೆ ವರ್ಷದ ಆರಂಭದಲ್ಲೇ, ಕಲನಶಾಸ್ತ್ರವನ್ನು ಬಳಸುತ್ತದೆ. ಗಣಿತ ಪಠ್ಯದಲ್ಲಾದರೋ ಅವಕಲನ ಬರುವುದು ಪ್ರಥಮ ವರ್ಷದ ಕೊನೆಯ ಅಧ್ಯಾಯಗಳಲ್ಲಿ. ಅನುಕಲನಕ್ಕೆ ದ್ವಿತೀಯ ಪಿಯುವರೆಗೆ ಕಾಯಬೇಕು. ಕೈಗೆ ಸಲಕರಣೆ ಬರುವ ಮೊದಲೇ ಕೆಲಸ ಒಪ್ಪಿಸಿದಂತಾಗಿದೆ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಇನ್ನೊಂದು ತೊಡಕು. ಪ್ರೌಢಶಾಲೆಯಲ್ಲಿ ಜವ, ವೇಗ, ವೇಗೋತ್ಕರ್ಷ ಎಂದು ಕಲಿತದ್ದು ಇಲ್ಲಿ ಸ್ಪೀಡ್, ವೆಲಾಸಿಟಿ, ಆಕ್ಸಲರೇಷನ್ ಆಗುತ್ತದೆ. ಬಸ್ಸಿನಲ್ಲಿ ನಾವೆಲ್ಲ ‘ವೇಗ’ ಎನ್ನುವುದು ಪುಸ್ತಕದ ‘ಜವ’ವನ್ನು, ದಿಕ್ಕೂ ಸೇರಿದಾಗ ಮಾತ್ರ ಅದು ಪುಸ್ತಕದ ವೇಗ. ಮೊದಲ ವಾರವೇ ಈ ಮೂರು ಜೋಡಿ ಪದಗಳನ್ನು ನೋಟ್ ಪುಸ್ತಕದ ರಕ್ಷಾಪುಟದಲ್ಲಿ ಬರೆದಿಟ್ಟುಕೊಳ್ಳುವುದು ಲೇಸು.

ಒಂದು ಲೆಕ್ಕವನ್ನೇ ನೋಡೋಣ. ಕಡಕೊಳ ನಿಲ್ದಾಣದಿಂದ ನಂಜನಗೂಡಿನ ಕಡೆಗೆ ರೈಲು ಹೊರಡುತ್ತದೆ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ ಮೀಟರ್ ಲೆಕ್ಕದಲ್ಲಿ ಅದರ ವೇಗ = 0.3 × ಕಾಲ − 0.0015 × ಕಾಲದ ವರ್ಗ. ಮೊದಲ 100 ಸೆಕೆಂಡಿನಲ್ಲಿ ರೈಲು ಎಷ್ಟು ದೂರ ಸಾಗಿತು?

ಪ್ರೌಢಶಾಲೆಯ ಅಭ್ಯಾಸಬಲದಿಂದ ಕೈ ಸೂತ್ರದ ಕಡೆಗೆ ಓಡುತ್ತದೆ. ಆರಂಭದ ವೇಗೋತ್ಕರ್ಷ 0.3, ಅದರ ಅರ್ಧವನ್ನು ಕಾಲದ ವರ್ಗದಿಂದ ಗುಣಿಸಿದರೆ 1500 ಮೀಟರ್. ಮತ್ತೊಬ್ಬ ವಿದ್ಯಾರ್ಥಿ ಕೊನೆಯ ವೇಗ 15 ಎಂದು ಕಂಡುಕೊಂಡು, ಸೊನ್ನೆ ಮತ್ತು 15ರ ಸರಾಸರಿ ತೆಗೆದು 750 ಮೀಟರ್ ಎನ್ನುತ್ತಾನೆ. ಎರಡೂ ತಪ್ಪು. ಆ ಸೂತ್ರಗಳು ವೇಗೋತ್ಕರ್ಷ ಬದಲಾಗದೆ ಇರುವಾಗ ಮಾತ್ರ ಸಲ್ಲುತ್ತವೆ. ಇಲ್ಲಿ ಅವಕಲನ ಮಾಡಿದರೆ ವೇಗೋತ್ಕರ್ಷ = 0.3 − 0.003 × ಕಾಲ. ಕ್ಷಣಕ್ಷಣಕ್ಕೂ ಕುಗ್ಗುತ್ತ 100ನೇ ಸೆಕೆಂಡಿಗೆ ಸೊನ್ನೆಯಾಗುತ್ತದೆ. ವೇಗೋತ್ಕರ್ಷ ಸ್ಥಿರವೇ ಎಂಬ ಪ್ರಶ್ನೆಯನ್ನು ಸೂತ್ರ ಬರೆಯುವ ಮುನ್ನ ಕೇಳಿಕೊಂಡರೆ ಅರ್ಧ ತಪ್ಪುಗಳು ಅಲ್ಲಿಗೇ ನಿಲ್ಲುತ್ತವೆ.

ಅನುಕಲನ ಗೊತ್ತಿದ್ದವರಿಗೆ ಉತ್ತರ ಎರಡು ಸಾಲಿನದು: ದೂರ = 0.15 × ಕಾಲದ ವರ್ಗ − 0.0005 × ಕಾಲದ ಘನ; ಅಂದರೆ 1500 − 500 = 1000 ಮೀಟರ್.

ಗೊತ್ತಿಲ್ಲದವರೂ ಕೈಕಟ್ಟಿ ಕೂರಬೇಕಿಲ್ಲ. 100 ಸೆಕೆಂಡನ್ನು 20ರ ಐದು ತುಂಡು ಮಾಡಿ. ಪ್ರತಿ ತುಂಡಿನ ನಡುವಿನ ಕ್ಷಣದ, ಅಂದರೆ 10, 30, 50, 70 ಮತ್ತು 90ನೇ ಸೆಕೆಂಡಿನ, ವೇಗ ಕಂಡುಹಿಡಿಯಿರಿ: 2.85, 7.65, 11.25, 13.65, 14.85. ಮೊತ್ತ 50.25, ಅದನ್ನು 20ರಿಂದ ಗುಣಿಸಿದರೆ 1005 ಮೀಟರ್. ಸರಿಯುತ್ತರಕ್ಕೂ ಇದಕ್ಕೂ ಐದೇ ಮೀಟರ್ ಅಂತರ. ತುಂಡು ಸಣ್ಣದಾದಷ್ಟೂ ಅಂತರ ಕರಗುತ್ತದೆ. ಅನುಕಲನವೆಂದರೆ ಈ ಕೂಡಿಸುವಿಕೆಯೇ. ಅದನ್ನು ಒಮ್ಮೆ ಕೈಯಾರೆ ಮಾಡಿದವರಿಗೆ ಮುಂದಿನ ವರ್ಷ ಆ ಉದ್ದನೆಯ ಚಿಹ್ನೆ ಕಂಡು ಗಾಬರಿಯಾಗದು.

ಈ ಆಲೋಚನೆ ನಮಗೆ ತೀರ ಹೊಸದೂ ಅಲ್ಲ. ಭಾಸ್ಕರಾಚಾರ್ಯರು 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಗ್ರಹಗಳ ‘ತಾತ್ಕಾಲಿಕ ಗತಿ’ಯನ್ನು, ಅಂದರೆ ಆಯಾ ಕ್ಷಣದ ವೇಗವನ್ನು, ಚರ್ಚಿಸಿದ್ದಾರೆ. ತಾತ್ಕಾಲಿಕ ಎಂದರೆ ನಮಗಿಂದು ನೆನಪಾಗುವುದು ನೌಕರಿಯ ಆದೇಶ ಮಾತ್ರ!

ಇನ್ನು ಉತ್ತರದ ಪರೀಕ್ಷೆ. ಇದನ್ನು ಬಹಳ ಮಕ್ಕಳು ಕೈಬಿಡುತ್ತಾರೆ. ರೈಲಿನ ಗರಿಷ್ಠ ವೇಗ 15, ಅಂದರೆ ಗಂಟೆಗೆ 54 ಕಿ.ಮೀ. ಪೂರ್ತಿ 100 ಸೆಕೆಂಡೂ ಅದೇ ವೇಗದಲ್ಲಿ ಓಡಿದರೆ 1500 ಮೀಟರ್. ರೈಲು ನಿಂತಲ್ಲಿಂದ ಹೊರಟಿದ್ದರಿಂದ ಉತ್ತರ ಅದಕ್ಕಿಂತ ಕಡಿಮೆಯೇ ಆಗಬೇಕು. ವೇಗದ ನಕ್ಷೆ ಬರೆದರೆ ರೇಖೆ ಮೇಲಕ್ಕೆ ಉಬ್ಬಿರುತ್ತದೆ. ಆದುದರಿಂದ ನೇರ ಗೆರೆಯ 750ಕ್ಕಿಂತ ಹೆಚ್ಚೂ ಆಗಬೇಕು. 1000 ಇವೆರಡರ ನಡುವಿದೆ.

ಪಿಯು ಪರೀಕ್ಷೆಯ ಮೌಲ್ಯಮಾಪನದಲ್ಲಿ ಲೆಕ್ಕಕ್ಕೆ ಹಂತವಾರು ಅಂಕವಿದೆ. ಸೂತ್ರ, ಬೆಲೆಗಳ ಆದೇಶ, ಏಕಮಾನ ಸಹಿತ ಉತ್ತರ ಇವನ್ನು ಬೇರೆ ಬೇರೆ ಸಾಲಿನಲ್ಲಿ ಬರೆದವರಿಗೆ ಕೊನೆಯ ಅಂಕಿ ತಪ್ಪಿದರೂ ಅಂಕ ದಕ್ಕುತ್ತದೆ. ಸಿಇಟಿಯಲ್ಲಿ ಈ ದಾಕ್ಷಿಣ್ಯವಿಲ್ಲ: 80 ನಿಮಿಷದಲ್ಲಿ 60 ಪ್ರಶ್ನೆ, ಒಂದಕ್ಕೆ 80 ಸೆಕೆಂಡು. ಅಲ್ಲಿ ನಾಲ್ಕು ಆಯ್ಕೆಗಳಲ್ಲಿ 1500 ಮತ್ತು 750 ಎರಡೂ ಕುಳಿತಿದ್ದರೆ, ಮೇಲಿನ ನಕ್ಷೆ ನೆನಪಿದ್ದವರು ಅವುಗಳನ್ನು ಲೆಕ್ಕ ಮಾಡುವ ಮೊದಲೇ ಹೊಡೆದುಹಾಕಬಹುದು.