ಮುರು ಮೀನು: ಅದರ ನೆಲೆಯೂ ಜೀವನಕ್ರಮವೂ

ಕರಾವಳಿಯಿಂದ ಮಂಜುಗಡ್ಡೆಯಲ್ಲಿಟ್ಟು ಮೈಸೂರು ನಗರಕ್ಕೆ ತರುವ ಕಡಲ ಮೀನುಗಳಲ್ಲಿ ಮುರು ಮೀನು ಒಳ್ಳೆಯ ಬೆಲೆಯುಳ್ಳದ್ದು. ಇದರ ಮೈ ದಪ್ಪ, ಬಾಯಿ ಅಗಲ. ಕೆಳದವಡೆಯು ಮುಂದಕ್ಕೆ ಚಾಚಿರುವುದು. ಈ ಕುಲದಲ್ಲಿ ಅನೇಕ ಜಾತಿಗಳುಂಟು. ಮಲಬಾರಿನ ಹೆಸರನ್ನು ಪಡೆದ ಜಾತಿಯು 1801ರಲ್ಲಿ ಪ್ರಕಟವಾದ ಬ್ಲಾಕ್ ಮತ್ತು ಶ್ನೈಡರ್ ಎಂಬ ಪಂಡಿತರ ಗ್ರಂಥದಲ್ಲಿ ಮೊದಲು ವರ್ಣಿತವಾಯಿತು. ಅವರು ವರ್ಣಿಸಿದ ಮೀನು ನಮ್ಮ ಕಾವೇರಿಯು ಕಡಲನ್ನು ಸೇರುವ ಸೀಮೆಯಾದ ತರಂಗಂಬಾಡಿಯದು. ಈ ಜಾತಿಯ ಮೀನು 2 ಮೀಟರಿಗೂ ಮೀರಿ ಬೆಳೆಯಬಲ್ಲದು.

ಕಡಲೊಳಗಿನ ಬಂಡೆಗಳೂ ಹವಳದ ದಿಬ್ಬಗಳೂ ಮುರು ಮೀನುಗಳ ವಾಸಸ್ಥಾನ. ಭಟ್ಕಳ ತಾಲ್ಲೂಕಿನ ಮುರ್ಡೇಶ್ವರದ ತೀರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿರುವ ನೇತ್ರಾಣಿ ದ್ವೀಪದ ಸುತ್ತಲೂ ಇಂತಹ ನೆಲೆಯಿದೆ. ಮೀನು ಬಂಡೆಯ ಸಂದಿನಲ್ಲಿ ಅಲುಗಾಡದೆ ಹೊಂಚುಹಾಕಿದ್ದು, ಹತ್ತಿರ ಸುಳಿದ ಸಣ್ಣ ಮೀನು, ಸೀಗಡಿ, ಏಡಿಗಳನ್ನು ಬಾಯ್ದೆರೆದು ಒಮ್ಮೆಗೇ ಒಳಕ್ಕೆ ಸೆಳೆದುಕೊಳ್ಳುವುದು. ತನ್ನ ನೆಲೆಯನ್ನು ಸುಲಭವಾಗಿ ಬಿಟ್ಟುಹೋಗದ ಕಾರಣ ಇದನ್ನು ಹಿಡಿಯುವುದೂ ಕಷ್ಟವಲ್ಲ.

ಇದರ ಸಂತಾನಕ್ರಮವು ಆಶ್ಚರ್ಯಕರವಾದುದು. ಮೊದಲು ಹೆಣ್ಣಾಗಿ ಬೆಳೆದು ಮೊಟ್ಟೆಯಿಟ್ಟ ಮೀನುಗಳಲ್ಲಿ ಕೆಲವು ವಯಸ್ಸಾದ ಮೇಲೆ ಗಂಡಾಗಿ ಮಾರ್ಪಡುವುವು. ಆದುದರಿಂದ ದೊಡ್ಡ ಮೀನುಗಳಲ್ಲಿ ಗಂಡುಗಳೇ ಹೆಚ್ಚು. ಅವನ್ನೆಲ್ಲ ಹಿಡಿದುಬಿಟ್ಟರೆ ಹೆಣ್ಣುಗಳಿದ್ದೂ ಸಂತಾನವು ಕ್ಷೀಣಿಸುವುದು. ಬಿತ್ತನೆಗೆಂದು ಆರಿಸಿಟ್ಟ ತೆನೆಗಳನ್ನು ಸಂತೆಗೆ ಕಳುಹಿಸುವ ರೈತನ ಗತಿಯೇ ಬೆಸ್ತನಿಗೂ ಒದಗುವುದು.

ಮೊಟ್ಟೆಗಳೂ ಅವುಗಳಿಂದ ಹೊರಟ ಎಳೆಮರಿಗಳೂ ನೀರಿನೊಡನೆ ತೇಲುವುವು. ಮಲಬಾರಿನ ಜಾತಿಯ ಮರಿಗಳು ಅಳಿವೆಗಳಲ್ಲಿಯೂ ಕಾಂಡ್ಲಾ ಗಿಡಗಳ ಬೇರುಗಳ ನಡುವೆಯೂ ಆಶ್ರಯ ಪಡೆದು, ಬೆಳೆದ ಬಳಿಕ ಆಳವಾದ ನೀರಿಗೆ ಹೋಗುವುವು. ಭೂಮಾಲೀಕರಿಗೂ ಈ ಮೀನಿಗೂ ಸಂಬಂಧವಿರುವುದು ಇಲ್ಲಿಯೇ. ಅಘನಾಶಿನಿಯ ಅಳಿವೆಯಲ್ಲಿ ಕಗ್ಗ ಭತ್ತ ಬೆಳೆಯುವ ಗಜನಿ ಭೂಮಿಯ ಕಟ್ಟೆಗಳನ್ನು ಅಲೆಗಳ ಹೊಡೆತದಿಂದ ಕಾಯುವುದು ಈ ಕಾಂಡ್ಲಾ ಗಿಡಗಳೇ. ಸೌದೆಗಾಗಿ ಅವನ್ನು ಕಡಿದರೆ ಕಟ್ಟೆಯೂ ಬಲಗುಂದುವುದು, ಮರಿಗಳೂ ಆಶ್ರಯ ತಪ್ಪುವುವು.

ಆದುದರಿಂದ ಕರಾವಳಿಯ ಗ್ರಾಮಗಳ ಮುಖಂಡರು ಕಾಂಡ್ಲಾ ಗಿಡಗಳನ್ನು ಕಡಿಯದಂತೆ ನೋಡಿಕೊಳ್ಳತಕ್ಕದ್ದು. ಖಾಲಿಯಾದ ಕಡೆ ಹೊಸ ಸಸಿಗಳನ್ನು ನೆಡಿಸತಕ್ಕದ್ದು. ಸಣ್ಣ ಕಣ್ಣಿನ ಬಲೆಯಿಂದ ಅಳಿವೆಯ ಮರಿಗಳನ್ನು ಬಾಚುವುದನ್ನು ತಡೆಯತಕ್ಕದ್ದು. ಒಳನಾಡಿನವರೂ ಅಂಗೈಯಗಲದ ಮರಿಗಳನ್ನು ಕೊಳ್ಳದಿದ್ದರೆ ಅವನ್ನು ಹಿಡಿಯುವ ಆಸೆಯು ತಾನಾಗಿಯೇ ತಗ್ಗುವುದು. ಬಂಡೆಯ ಮೀನು ಉಳಿಯಬೇಕಾದರೆ ದಡದ ಗಿಡವು ಉಳಿಯಬೇಕು.