ಲೋಕಲ್ ಗಾಡಿಯ ಟಿಕೆಟ್: ರಟ್ಟಿನಿಂದ ಕಾರ್ಡಿಗೆ, ಕಾರ್ಡಿನಿಂದ ಫೋನಿಗೆ

ಸೊಲ್ಲಾಪುರ, ಅಕ್ಕಲಕೋಟ ಕಡೆಯ ನಮ್ಮ ವ್ಯಾಪಾರಸ್ಥ ಕುಟುಂಬಗಳಿಗೂ ಮುಂಬಯಿಗೂ ಇರುವ ನಂಟು ಇಂದು ನಿನ್ನೆಯದಲ್ಲ. ಅರಿವೆ ವ್ಯಾಪಾರದವರು ಮೂಲಜಿ ಜೇಠಾ ಮಾರ್ಕೆಟ್ಟಿಗೆ, ಕಿರಾಣಿ ವ್ಯಾಪಾರದವರು ಮಸ್ಜಿದ್ ಬಂದರಿಗೆ, ಬಂಗಾರದವರು ಝವೇರಿ ಬಜಾರಕ್ಕೆ ಹೋಗಿಬರುವುದು ಅಜ್ಜಂದಿರ ಕಾಲದಿಂದ ನಡೆದು ಬಂದಿದೆ. ಈಗ ಅನೇಕರ ಮಕ್ಕಳು ಡೊಂಬಿವಲಿ, ಠಾಣೆ, ಬೋರಿವಲಿಗಳಲ್ಲಿಯೇ ಮನೆ ಮಾಡಿದ್ದಾರೆ. ಮೊಮ್ಮಕ್ಕಳನ್ನು ನೋಡಲೆಂದು, ಆಸ್ಪತ್ರೆಯ ಕೆಲಸಕ್ಕೆಂದು, ಬೋರಿವಲಿಯ ತ್ರಿಮೂರ್ತಿ ಬಸದಿಯ ದರ್ಶನಕ್ಕೆಂದು ಮನೆಯ ಹಿರಿಯರು ಮುಂಬಯಿ ಗಾಡಿ ಹತ್ತುತ್ತಾರೆ. ಸಿದ್ಧೇಶ್ವರ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಪ್ರಯಾಣ ಮಾಡಿ ಬೆಳಿಗ್ಗೆ ಕಲ್ಯಾಣದಲ್ಲೋ ದಾದರದಲ್ಲೋ ಇಳಿಯುವವರೆಗೆ ಎಲ್ಲವೂ ಸುಗಮ. ಅಲ್ಲಿಂದ ಮುಂದೆ ಲೋಕಲ್ ಗಾಡಿ. ತೊಂದರೆ ಶುರುವಾಗುವುದು ಅಲ್ಲಿಂದಲೇ. ಟಿಕೆಟ್ ಎಲ್ಲಿ ತೆಗೆಯಬೇಕು? ಯಂತ್ರದಲ್ಲೋ, ಕಿಡಕಿಯಲ್ಲೋ, ಫೋನಿನಲ್ಲೋ? ಮಗ ಕೊಟ್ಟ ಕಾರ್ಡು ಇಲ್ಲಿ ನಡೆಯುತ್ತದೆಯೋ ಇಲ್ಲವೋ?

ಇವು ಸಣ್ಣ ಪ್ರಶ್ನೆಗಳೆಂದು ತಳ್ಳಿಹಾಕುವಂತಿಲ್ಲ. ಇವುಗಳ ಉತ್ತರ ಗೊತ್ತಿಲ್ಲದೆ ನಮ್ಮ ಪರಿಚಯದ ಹಿರಿಯರು ಕೆಲವರು ಜನರ ಮುಂದೆ ದಂಡ ಕಟ್ಟಿ ಮುಖ ಸಪ್ಪೆ ಮಾಡಿಕೊಂಡು ಬಂದದ್ದನ್ನು ನಾವು ಕಂಡಿದ್ದೇವೆ. ಆದ್ದರಿಂದ ಈ ವಿಷಯವನ್ನು ವಾಚಕರ ಮುಂದಿಡುತ್ತಿದ್ದೇವೆ.

ರಟ್ಟಿನ ಟಿಕೆಟ್ಟಿನ ಲೆಕ್ಕ

ನಮ್ಮ ದೇಶದ ಮೊದಲ ಪ್ರಯಾಣಿಕರ ಗಾಡಿ 1853ರ ಏಪ್ರಿಲ್ 16ರಂದು ಮುಂಬಯಿಯ ಬೋರಿಬಂದರಿನಿಂದ ಠಾಣೆಗೆ ಓಡಿತು. ದೂರ 34 ಕಿಲೋಮೀಟರ್. ಅದೇ ದಾರಿಯಲ್ಲಿ ಇಂದು ಲೋಕಲ್ ಗಾಡಿಗಳು ಓಡುತ್ತಿವೆ. 1925ರ ಫೆಬ್ರವರಿ 3ರಂದು ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ಮೊದಲ ವಿದ್ಯುತ್ ಗಾಡಿ ಬಂತು. ಪಶ್ಚಿಮ ಮಾರ್ಗದಲ್ಲಿ 1928ರಲ್ಲಿ ಕೊಲಾಬಾದಿಂದ ಬೋರಿವಲಿಯವರೆಗೆ ವಿದ್ಯುತ್ ಗಾಡಿ ಓಡಿತು.

ನಮ್ಮ ವಯಸ್ಸಿನವರಿಗೆ ರಟ್ಟಿನ ಟಿಕೆಟ್ ನೆನಪಿರಬೇಕು. ಬೆರಳುದ್ದದ ದಪ್ಪ ಟಿಕೆಟ್ಟಿಗೆ ಕಿಡಕಿಯ ಗುಮಾಸ್ತರು ಯಂತ್ರದಲ್ಲಿ ತಾರೀಖು ಒತ್ತಿ ಕೊಡುತ್ತಿದ್ದರು. ಈ ಪದ್ಧತಿಯನ್ನು ಕಂಡುಹಿಡಿದವರು ಇಂಗ್ಲೆಂಡಿನ ಥಾಮಸ್ ಎಡ್ಮಂಡ್‌ಸನ್. ಪೀಠೋಪಕರಣ ಮಾಡುವ ಕಸುಬಿನಲ್ಲಿ ದಿವಾಳಿಯಾಗಿ, 1830ರ ದಶಕದಲ್ಲಿ ರೈಲ್ವೆ ನೌಕರಿಗೆ ಸೇರಿದವರು. ಅದಕ್ಕೂ ಮುಂಚೆ ಟಿಕೆಟ್ಟನ್ನು ಕೈಯಿಂದ ಬರೆದು ಕೊಡುತ್ತಿದ್ದರು. ಎಷ್ಟು ಟಿಕೆಟ್ ಹೋಯಿತು, ಎಷ್ಟು ಹಣ ಬಂತು ಎಂಬುದರ ತಾಳೆ ಸಿಗುತ್ತಿರಲಿಲ್ಲ. ಎಡ್ಮಂಡ್‌ಸನ್ ಪ್ರತಿ ಟಿಕೆಟ್ಟಿಗೂ ಕ್ರಮವಾಗಿ ನಂಬರು ಮುದ್ರಿಸಿದರು. ಬೆಳಗಿನ ಮೊದಲ ನಂಬರು, ಸಂಜೆಯ ಕೊನೆಯ ನಂಬರು ನೋಡಿದರೆ ಆ ದಿನದ ವ್ಯಾಪಾರ ತಿಳಿಯಿತು. ನಾವು ಬಿಲ್ ಪುಸ್ತಕದ ನಂಬರಿನಿಂದ ಕೀರ್ದಿ ತಾಳೆ ನೋಡುವುದೂ ಇದೇ ಕ್ರಮದಲ್ಲಿ. ಟಿಕೆಟ್ ಎಂದರೆ ಮೂಲತಃ ಒಂದು ಲೆಕ್ಕದ ಚೀಟಿ. ರೂಪ ಎಷ್ಟೇ ಬದಲಾದರೂ ಇದನ್ನು ಮರೆಯಬಾರದು.

ಕೂಪನ್ ಬಂತು, ಹೋಯಿತು

ಮುಂಬಯಿಯಲ್ಲಿ ಕಿಡಕಿಯ ಮುಂದಿನ ಸಾಲು ಬೆಳೆದಂತೆ ರೈಲ್ವೆಯವರು ಬೇರೆ ದಾರಿ ಹುಡುಕಿದರು. ಮೊದಲು ಕೂಪನ್ ಪುಸ್ತಕ ಬಂತು. ಪುಸ್ತಕ ಕೊಂಡು ಇಟ್ಟುಕೊಂಡು, ದರಕ್ಕೆ ತಕ್ಕಷ್ಟು ಕೂಪನ್ನುಗಳನ್ನು ನಿಲ್ದಾಣದ ಯಂತ್ರದ ಬಾಯಿಗೆ ಕೊಟ್ಟರೆ ನಿಲ್ದಾಣದ ಹೆಸರು, ತಾರೀಖು, ಸಮಯ ಅಚ್ಚಾಗುತ್ತಿತ್ತು. ಸಾಲು ತಪ್ಪಿತು ನಿಜ. ಆದರೆ ಯಂತ್ರ ಕೆಟ್ಟು ನಿಂತರೆ ಅಥವಾ ಮಸಿ ಮಾಸಿ ಅಕ್ಷರ ಮೂಡದಿದ್ದರೆ ಪ್ರಯಾಣಿಕನ ಪಾಡು ಕಷ್ಟವಾಗುತ್ತಿತ್ತು. 2015ರಲ್ಲಿ ಈ ಪದ್ಧತಿ ಮುಗಿಯಿತು. ಹಳೆಯ ಕೂಪನ್ನುಗಳು ಯಾರ ಮನೆಯ ಕಪಾಟಿನಲ್ಲಾದರೂ ಇದ್ದರೆ ಅವು ಈಗ ನೆನಪಿಗಷ್ಟೇ.

2007ರಲ್ಲಿ ಸ್ಮಾರ್ಟ್ ಕಾರ್ಡ್ ಮತ್ತು ಸ್ವಯಂಚಾಲಿತ ಟಿಕೆಟ್ ಯಂತ್ರಗಳು ಬಂದವು. ಕಾರ್ಡಿನಲ್ಲಿ ಮುಂಗಡ ಹಣ ತುಂಬಿಸಬೇಕು. ಯಂತ್ರದ ಮೇಲೆ ಕಾರ್ಡ್ ಇಟ್ಟು, ಪರದೆಯಲ್ಲಿ ಊರು ಆರಿಸಿದರೆ ಕಾಗದದ ಟಿಕೆಟ್ ಹೊರಬರುತ್ತದೆ, ಕಾರ್ಡಿನಿಂದ ಹಣ ಕಡಿಮೆಯಾಗುತ್ತದೆ. ಮುಂಗಡ ಹಣಕ್ಕೆ ರೈಲ್ವೆಯವರು ಸ್ವಲ್ಪ ಬೋನಸ್ ಕೊಟ್ಟರು. ಅನೇಕ ನಿಲ್ದಾಣಗಳಲ್ಲಿ ಯಂತ್ರದ ಪಕ್ಕದಲ್ಲಿ ನಿವೃತ್ತ ನೌಕರರು ನಿಂತು, ತಮ್ಮ ಕಾರ್ಡಿನಿಂದ ಟಿಕೆಟ್ ತೆಗೆದುಕೊಟ್ಟು ನಗದು ತೆಗೆದುಕೊಳ್ಳುತ್ತಾರೆ. ಇವರನ್ನು ರೈಲ್ವೆಯವರೇ ನೇಮಿಸಿದ್ದು, ಕಮಿಷನ್ ಸಹ ರೈಲ್ವೆಯದೇ. ಆದ್ದರಿಂದ ಹಿರಿಯರು ಸಂಶಯಪಡದೆ ಇವರ ನೆರವು ಪಡೆಯಬಹುದು. ಇತ್ತೀಚಿನ ವರ್ಷಗಳಲ್ಲಿ ಯಂತ್ರದ ಪರದೆಯಲ್ಲಿ ಮೂಡುವ ಚೌಕಳಿ ಗುರುತಿಗೆ ಫೋನಿನಿಂದ ಹಣ ಕೊಟ್ಟೂ ಟಿಕೆಟ್ ಪಡೆಯುವ ಅನುಕೂಲ ಬಂದಿದೆ.

ಎರಡು ಕಾರ್ಡು, ಎರಡು ರೀತಿ

ಹೊರಗಿನಿಂದ ಹೋದವರು ಎಡವುವುದು ಇಲ್ಲಿಯೇ. ಲೋಕಲ್ ಗಾಡಿಯ ಸ್ಮಾರ್ಟ್ ಕಾರ್ಡು ತಾನೇ ಟಿಕೆಟ್ ಅಲ್ಲ. ಅದು ಹಣದ ಚೀಲ. ಯಂತ್ರದಿಂದ ಕಾಗದ ಹೊರಬಂದ ಮೇಲೆಯೇ ಟಿಕೆಟ್ ಆಯಿತು. ಜೇಬಿನಲ್ಲಿ ಕಾರ್ಡು ಇದ್ದು, ಅದರಲ್ಲಿ 500 ರೂಪಾಯಿ ಇದ್ದರೂ ಕಾಗದ ತೆಗೆಯದೆ ಗಾಡಿ ಹತ್ತಿದರೆ ಅವರು ಟಿಕೆಟ್ ಇಲ್ಲದ ಪ್ರಯಾಣಿಕರೇ.

ಮೆಟ್ರೋದ ರೀತಿ ಬೇರೆ. ಮುಂಬಯಿಯ ಮೊದಲ ಮೆಟ್ರೋ ವರ್ಸೋವಾದಿಂದ ಅಂಧೇರಿಯ ಮೇಲೆ ಘಾಟಕೋಪರಕ್ಕೆ 2014ರ ಜೂನ್ 8ರಂದು ಶುರುವಾಯಿತು. ಅಲ್ಲಿ ಒಳಹೋಗುವ ಬಾಗಿಲಿಗೆ ಕಾರ್ಡು ಮುಟ್ಟಿಸಿದರೆ ಬಾಗಿಲು ತೆರೆಯುತ್ತದೆ. ಇಳಿದ ಮೇಲೆ ಮತ್ತೆ ಮುಟ್ಟಿಸಿದರೆ ದೂರಕ್ಕೆ ತಕ್ಕ ದರ ತಾನೇ ಕಡಿತವಾಗುತ್ತದೆ. ಮೆಟ್ರೋದಲ್ಲಿ ಕಾರ್ಡೇ ಟಿಕೆಟ್. ಈ ಅಭ್ಯಾಸವಾದವರು ಘಾಟಕೋಪರದಲ್ಲಿ ಮೆಟ್ರೋ ಇಳಿದು, ಅದೇ ಕಾರ್ಡಿನ ಭರವಸೆಯ ಮೇಲೆ ಲೋಕಲ್ ಹತ್ತಿಬಿಡುತ್ತಾರೆ. ಲೋಕಲ್ ನಿಲ್ದಾಣದಲ್ಲಿ ಕಾರ್ಡು ಮುಟ್ಟಿಸುವ ಬಾಗಿಲೇ ಇಲ್ಲ ಎಂಬುದು ಅವರ ಗಮನಕ್ಕೆ ಬರುವುದಿಲ್ಲ.

ದೇಶಕ್ಕೆಲ್ಲ ಒಂದೇ ಕಾರ್ಡು ಇರಲೆಂದು ಕೇಂದ್ರ ಸರಕಾರ 2019ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಸಾರಿಗೆ ಕಾರ್ಡನ್ನು ಹೊರತಂದಿತು. ಮುಂಬಯಿಯಲ್ಲಿ ಅದೇ ಬಗೆಯ ‘ಮುಂಬಯಿ ಒನ್’ ಕಾರ್ಡು 2023ರ ಜನವರಿಯಲ್ಲಿ ಬಂತು. 2025ರ ಅಕ್ಟೋಬರಿನಲ್ಲಿ ಅದೇ ಹೆಸರಿನ ಆ್ಯಪ್ ಬಂದು ಮೆಟ್ರೋ, ಬಸ್, ಲೋಕಲ್ ಎಲ್ಲವನ್ನೂ ಒಂದೆಡೆ ತರುವ ಪ್ರಯತ್ನ ನಡೆದಿದೆ. ಒಳ್ಳೆಯ ಕೆಲಸವೇ. ಆದರೂ ಲೋಕಲ್ ಹತ್ತುವ ಮುನ್ನ ‘ನನ್ನ ಕೈಯಲ್ಲಿ ಲೋಕಲ್ಲಿನ ಟಿಕೆಟ್ ಇದೆಯೇ?’ ಎಂದು ಕೇಳಿಕೊಳ್ಳುವುದನ್ನು ಬಿಡಬಾರದು.

ಫೋನಿನ ಟಿಕೆಟ್

2014ರ ಡಿಸೆಂಬರಿನಲ್ಲಿ ಮುಂಬಯಿ ಲೋಕಲ್ಲಿಗೆ ಫೋನಿನಲ್ಲಿ ಟಿಕೆಟ್ ತೆಗೆಯುವ ಯುಟಿಎಸ್ ಆ್ಯಪ್ ಬಂತು. 2025ರ ಜುಲೈ 1ರಂದು ಎಲ್ಲ ರೈಲ್ವೆ ಸೇವೆಗಳಿಗೆ ರೈಲ್‌ಒನ್ ಎಂಬ ಆ್ಯಪ್ ಬಂತು. ಮನೆಯಲ್ಲಿಯೇ ಕುಳಿತು ಟಿಕೆಟ್ ತೆಗೆದು ಹೊರಡಬಹುದು. ಆದರೆ ಇದರ ಕಟ್ಟಳೆಗಳನ್ನು ಮನೆಯ ಎಲ್ಲರೂ ತಿಳಿದಿರಬೇಕು.

ಮೊದಲನೆಯದು, ಫೋನಿನ ಟಿಕೆಟ್ಟನ್ನು ಆ್ಯಪ್ ತೆರೆದೇ ತೋರಿಸಬೇಕು. ಮಗ ಡೊಂಬಿವಲಿಯಲ್ಲಿ ಕುಳಿತು ತಂದೆಯ ಟಿಕೆಟ್ ತೆಗೆದು ಅದರ ಚಿತ್ರವನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ ನಡೆಯುವುದಿಲ್ಲ. ಎರಡನೆಯದು, ಒಂದೇ ಫೋನಿನಲ್ಲಿ ಮನೆಯವರೆಲ್ಲರ ಟಿಕೆಟ್ ತೆಗೆದು, ಗಂಡಸರು ಸಾಮಾನ್ಯ ಡಬ್ಬಿಯಲ್ಲಿ, ಹೆಂಗಸರು ಮಹಿಳೆಯರ ಡಬ್ಬಿಯಲ್ಲಿ ಹತ್ತಿದರೆ ಹೆಂಗಸರ ಕೈಯಲ್ಲಿ ತೋರಿಸಲು ಏನೂ ಇರುವುದಿಲ್ಲ. ಇಂಥ ಸಂದರ್ಭದಲ್ಲಿ ಕಾಗದದ ಟಿಕೆಟ್ ತೆಗೆದು ಅವರವರ ಕೈಗೆ ಕೊಡುವುದೇ ಉತ್ತಮ. ಮೂರನೆಯದು, ಗಾಡಿ ಹತ್ತಿದ ಮೇಲೆ, ತಪಾಸಣೆಯವರು ಕಂಡ ಮೇಲೆ ಟಿಕೆಟ್ ತೆಗೆಯಬಾರದೆಂದು ಹಳಿಗಳ ಹತ್ತಿರ ಆ್ಯಪ್ ಟಿಕೆಟ್ ಕೊಡದಂತೆ ಮಾಡಿದ್ದಾರೆ. ನಾಲ್ಕನೆಯದು ಎಲ್ಲರಿಗೂ ಗೊತ್ತಿದ್ದದ್ದೇ: ಬ್ಯಾಟರಿ ಮುಗಿದರೆ ಟಿಕೆಟ್ಟೂ ಮುಗಿಯಿತು. ರಾತ್ರಿಯಿಡೀ ಗಾಡಿಯಲ್ಲಿ ಬಂದವರ ಫೋನು ಬೆಳಿಗ್ಗೆ ದಾದರದಲ್ಲಿ ಉಸಿರು ಬಿಟ್ಟಿರುವುದು ಅಪರೂಪವೇನಲ್ಲ.

ಪಾಸಿನ ಲೆಕ್ಕ

ದಿನಾಲು ಓಡಾಡುವ ಮಕ್ಕಳಿಗೆ ತಿಂಗಳ ಪಾಸೇ ಲಾಭ. 2014ರ ಜೂನ್‌ನಲ್ಲಿ ರೈಲ್ವೆಯವರು ತಿಂಗಳ ಪಾಸನ್ನು 15 ಬಿಡಿ ಪ್ರಯಾಣದ ದರದಿಂದ 30 ಪ್ರಯಾಣದ ದರಕ್ಕೆ ಏರಿಸುವುದಾಗಿ ಪ್ರಕಟಿಸಿದರು. ಮುಂಬಯಿಯಲ್ಲಿ ಎದ್ದ ಕೂಗಿಗೆ ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಪಾಸು ಆ ನಗರದ ಜನರ ಸಂಸಾರದ ಲೆಕ್ಕದಲ್ಲಿ ಎಷ್ಟು ಆಳವಾಗಿ ಸೇರಿದೆ ಎಂಬುದು ಇದರಿಂದ ತಿಳಿಯುತ್ತದೆ. 2021ರ ಆಗಸ್ಟ್ 15ರಿಂದ ಎರಡು ಲಸಿಕೆ ಹಾಕಿಸಿಕೊಂಡವರಿಗೆ ಲೋಕಲ್ ತೆರೆದಾಗಲೂ ಮೊದಲು ಕೊಟ್ಟದ್ದು ಪಾಸನ್ನೇ, ಬಿಡಿ ಟಿಕೆಟ್ಟನ್ನಲ್ಲ.

ಮೂರು ತಿಂಗಳ ಪಾಸಿಗೆ ತಿಂಗಳ ದರದ 2.7 ಪಟ್ಟು, ಆರು ತಿಂಗಳಿಗೆ 5.4 ಪಟ್ಟು, ವರ್ಷಕ್ಕೆ 10.8 ಪಟ್ಟು ಹಣ ತೆಗೆದುಕೊಳ್ಳುತ್ತಾರೆ. ವ್ಯಾಪಾರಸ್ಥರು ಲೆಕ್ಕ ಹಾಕಿ ನೋಡಲಿ: ಮೂರರಲ್ಲೂ ಉಳಿತಾಯ ಶೇಕಡಾ 10 ಮಾತ್ರ. ವರ್ಷದ ಹಣ ಒಮ್ಮೆಲೇ ತೊಡಗಿಸಿದರೂ ಹೆಚ್ಚಿನ ರಿಯಾಯಿತಿ ಇಲ್ಲ. ನೌಕರಿ, ಬಾಡಿಗೆ ಮನೆ ಬದಲಾಗುವ ಸಂಭವವಿರುವ ಹುಡುಗರಿಗೆ ಮೂರು ತಿಂಗಳ ಪಾಸೇ ಸಾಕು.

ಬಾಗಿಲಿಲ್ಲದ ನಿಲ್ದಾಣ

ಇನ್ನು ಮುಖ್ಯ ಮಾತಿಗೆ ಬರುತ್ತೇವೆ. ಒಂದೇ ಮನೆಯಲ್ಲಿ, ಒಂದೇ ಅಂಗಡಿಯಲ್ಲಿ ಒಬ್ಬರ ಪಾಸನ್ನು ಇನ್ನೊಬ್ಬರು ಒಯ್ಯುವುದು ಉಂಟು. ‘ಕಾಕಾ, ಇವತ್ತ ನಾ ಅಂಗಡ್ಯಾಗ ಇರ್ತೀನಿ, ನನ್ನ ಪಾಸ್ ತಗೊಂಡು ಹೋಗ್ರಿ, ಯಾರು ಕೇಳ್ತಾರ?’ ಎಂದು ಅಣ್ಣನ ಮಗ ಪ್ರೀತಿಯಿಂದಲೇ ಹೇಳುತ್ತಾನೆ. ಹಣ ಕಟ್ಟಿದ ಪಾಸು ಸುಮ್ಮನೆ ಬೀಳುವ ಬದಲು ಉಪಯೋಗವಾಗಲಿ ಎಂಬುದು ಅವನ ಲೆಕ್ಕ. ಆದರೆ ಪಾಸು ಒಬ್ಬರ ಹೆಸರಿನದು. 1989ರ ರೈಲ್ವೆ ಕಾಯಿದೆಯ 142ನೆಯ ಕಲಮಿನಂತೆ ಅದನ್ನು ಬೇರೆಯವರಿಗೆ ಕೊಡುವುದು ಅಪರಾಧ. ಟಿಕೆಟ್ ಇಲ್ಲದೆ ಸಿಕ್ಕರೆ ದರದ ಜೊತೆಗೆ ಕನಿಷ್ಠ 250 ರೂಪಾಯಿ ಹೆಚ್ಚುವರಿ ಕಟ್ಟಬೇಕು. ಮೋಸದ ಉದ್ದೇಶ ಕಂಡರೆ 137ನೆಯ ಕಲಮಿನಲ್ಲಿ ಆರು ತಿಂಗಳವರೆಗೆ ಸಜೆಯೂ ಇದೆ. ಲೋಕಲ್ಲಿನ ಎರಡನೆಯ ದರ್ಜೆಯ ಕನಿಷ್ಠ ಟಿಕೆಟ್ 5 ರೂಪಾಯಿ!

‘ಐವತ್ತು ಸಲ ಹೋದರೆ ಒಮ್ಮೆ ಸಿಕ್ಕಬಹುದು, ಆದರೂ ಲಾಭವೇ’ ಎಂದು ಚೇಷ್ಟೆಗೆ ಲೆಕ್ಕ ಹೇಳುವವರೂ ಇದ್ದಾರೆ. ಲೋಕಲ್ ನಿಲ್ದಾಣಕ್ಕೆ ಬಾಗಿಲಿಲ್ಲ, ಯಾರೂ ತಡೆಯುವುದಿಲ್ಲ ಎಂಬುದೇ ಈ ಲೆಕ್ಕದ ಬಂಡವಾಳ. ನಮ್ಮ ಶ್ರಾವಕರಿಗೆ ಇದರ ಉತ್ತರ ಹೊಸದಾಗಿ ಹುಡುಕಬೇಕಾಗಿಲ್ಲ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯ ವ್ರತದ ಐದು ಅತಿಚಾರಗಳನ್ನು ಹೇಳುವಾಗ ‘ವಿರುದ್ಧರಾಜ್ಯಾತಿಕ್ರಮ’ವನ್ನೂ ಎಣಿಸಿದ್ದಾರೆ. ರಾಜ್ಯದ ಕಟ್ಟಳೆಯನ್ನು ದಾಟಿ ಲಾಭ ಮಾಡಿಕೊಳ್ಳುವುದು ಇದರಲ್ಲಿ ಸೇರುತ್ತದೆ. ತೂಕದಲ್ಲಿ ಮೋಸ ಮಾಡುವುದರ ಜೊತೆಯಲ್ಲಿಯೇ ಇದನ್ನು ಹೇಳಿದ್ದಾರೆ. ಗಿರಾಕಿ ಕಾಣದಿದ್ದಾಗ ತಕ್ಕಡಿ ಸರಿಯಾಗಿ ಹಿಡಿಯುವುದು ಹೇಗೋ, ತಪಾಸಣೆಯವರು ಕಾಣದಿದ್ದಾಗ ಟಿಕೆಟ್ ತೆಗೆಯುವುದೂ ಹಾಗೆಯೇ. ದರ ಕಡಿಮೆ ಇರುವುದರಿಂದ ದೋಷ ಕಡಿಮೆಯಾಗುವುದಿಲ್ಲ.

ಮನೆಯಲ್ಲಿ ಮಾಡಬೇಕಾದದ್ದು

ಕಿರಿಯರು ಹಿರಿಯರ ಟಿಕೆಟ್ ತಾವೇ ತೆಗೆದುಕೊಟ್ಟು ಸುಮ್ಮನಾಗಬಾರದು. ಒಮ್ಮೆ ಯಂತ್ರದ ಮುಂದೆ ನಿಲ್ಲಿಸಿ ಅವರ ಕೈಯಿಂದಲೇ ತೆಗೆಸಬೇಕು. ಹತ್ತು ನಿಮಿಷದ ಕೆಲಸ. ನಲವತ್ತು ವರ್ಷ ಅಂಗಡಿ ನಡೆಸಿದವರಿಗೆ ಪರದೆಯ ಮೇಲೆ ಊರಿನ ಹೆಸರು ಒತ್ತುವುದು ಕಠಿಣವಲ್ಲ, ಯಾರಾದರೂ ತಾಳ್ಮೆಯಿಂದ ತೋರಿಸಬೇಕು ಅಷ್ಟೆ. ಹಿರಿಯರೂ ‘ನನಗಿದೆಲ್ಲ ತಿಳಿಯದು’ ಎಂದು ಕೈ ಕಟ್ಟಿ ಕೂಡಬಾರದು. ಪರಾಧೀನವಾದರೆ ಮೊಮ್ಮಕ್ಕಳ ಮನೆಗೆ ಹೋಗುವುದೂ ಕ್ರಮೇಣ ನಿಂತುಹೋಗುತ್ತದೆ.

ಯಂತ್ರ ಬೇಡವೆನಿಸಿದರೆ ಕಿಡಕಿ ಇನ್ನೂ ಇದೆ. ಜೇಬಿನಲ್ಲಿ ಚಿಲ್ಲರೆ ಇಟ್ಟುಕೊಂಡು, ಇಳಿಯುವ ನಿಲ್ದಾಣದ ಹೆಸರು ಚೀಟಿಯಲ್ಲಿ ಬರೆದುಕೊಂಡು ಹೋದರೆ ಸಾಕು. ದಾದರದಲ್ಲಿ ಮಾರ್ಗ ಬದಲಿಸುವವರು ಕೊನೆಯ ನಿಲ್ದಾಣದವರೆಗೆ ಒಂದೇ ಟಿಕೆಟ್ ಕೇಳಬಹುದು. ಓರೆ ಪಟ್ಟೆಗಳ ಗುರುತಿರುವ ಮೊದಲ ದರ್ಜೆಯ ಡಬ್ಬಿಗೆ ಎರಡನೆಯ ದರ್ಜೆಯ ಟಿಕೆಟ್ ಹಿಡಿದು ಹತ್ತಬಾರದು. ಮಾಲಿನ ಗಂಟು ದೊಡ್ಡದಿದ್ದರೆ ಲಗೇಜಿನ ಟಿಕೆಟ್ ಮೊದಲೇ ವಿಚಾರಿಸಬೇಕು. ಐದು ವರ್ಷ ತುಂಬಿದ ಮಗುವಿಗೆ ಅರ್ಧ ಟಿಕೆಟ್ ತೆಗೆಯಬೇಕು. ಟಿಕೆಟ್ ಉಳಿಸಲೆಂದು ಮಗುವಿನ ವಯಸ್ಸು ಕಡಿಮೆ ಹೇಳುವುದನ್ನು ಆ ಮಗುವೇ ಕೇಳಿಸಿಕೊಳ್ಳುತ್ತದೆ ಎಂಬುದು ನೆನಪಿರಲಿ.

ಟಿಕೆಟ್ ಇಳಿಯುವವರೆಗೆ ಕೈಯಲ್ಲಿರಲಿ. ಮನೆಗೆ ಬಂದ ಮೇಲೆ ಆ ದಿನದ ಖರ್ಚಿನಲ್ಲಿ ಬರೆದಿಡಿ.